ಮಚ್ಚಿಗಿಲ್ಲದ ಬಾಯಿ

ಹೊನ್ನಾಳಿ ರಸ್ತೆಯ ಹೊಳಲೂರಿನಲ್ಲಿ ಬಸ್ಸಿಳಿದು "ಹಳೇ ಮಚ್ಚು ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ. ಕನ್ನಡಕ, ಬಗಲಚೀಲ, ಇಸ್ತ್ರಿ ಅಂಗಿ ಕಂಡರೆ ಧೈರ್ಯ ಬಂದು ದಾರಿ ತೋರಿಸುತ್ತಾರೆ. ಹಾಗೆ ಒಂದು ಮನೆಯ ಜಗುಲಿ ಸೇರಿದೆ. ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಮೆಟ್ಟುಗತ್ತಿಗಳ ಜೊತೆ ಮಚ್ಚು, ಕುಡುಗೋಲೂ ಅಟ್ಟ ಹತ್ತಿವೆ. ಅಟ್ಟ ಹತ್ತಿದ್ದೆಲ್ಲ ನಮ್ಮಲ್ಲಿ ಎರಡೇ ವರ್ಷಕ್ಕೆ ಪುರಾತನ.

ಮನೆಯಾತ ಮಚ್ಚನ್ನು ಕೈಗೆ ಕೊಡಲಿಲ್ಲ. ಮೊದಲು ಅಜ್ಜನನ್ನು ಕೊಟ್ಟ.

"ನಮ್ಮಜ್ಜ ಭದ್ರಾವತಿ ಕಾರ್ಖಾನೇಲಿ ಇದ್ದೋರು ಮೇಷ್ಟ್ರೇ. ಇಪ್ಪತ್ಮೂರನೇ ಇಸವಿ ಉಕ್ಕು. ಸರ್ ಎಂ.ವಿ. ಕಾಲದ್ದು."

1923ರಲ್ಲಿ ಭದ್ರಾವತಿಯ ಇದ್ದಿಲ ಕುಲುಮೆಯಿಂದ ಇಳಿದದ್ದು ಬೀಡು ಕಬ್ಬಿಣ; ಉಕ್ಕು ಬಂದದ್ದು ಮೂವತ್ತರ ದಶಕದಲ್ಲಿ. ಬೀಡನ್ನು ಕಾಯಿಸಿ ಬಡಿದರೆ ಮಚ್ಚಾಗುವುದಿಲ್ಲ, ಚೂರಾಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದೆ. ಎಂಟುನೂರು ರೂಪಾಯಿಗೆ ವಿಶ್ವೇಶ್ವರಯ್ಯನವರೇ ಸಿಗುತ್ತಿರುವಾಗ ಇಂಗಾಲ ಎಷ್ಟಿದೆ ಎಂದು ಕೇಳುವುದು ಸಭ್ಯರ ಲಕ್ಷಣವೇ? ನಮ್ಮ ಜಿಲ್ಲೆಯಲ್ಲಿ ತುಕ್ಕು ಹಿಡಿದದ್ದೆಲ್ಲ ಭದ್ರಾವತಿಯದೇ. 2023ರಲ್ಲಿ ಸೈಲ್ ಆಡಳಿತ ಕಾರ್ಖಾನೆ ಮುಚ್ಚಲು ಹೊರಟಾಗ ಕಾರ್ಮಿಕರು ಬೀದಿಗಿಳಿದರು. ಅದರ ಹೆಸರಲ್ಲಿ ಗುಜರಿ ಮಾರುವವರು ಮಾತ್ರ ಒಂದು ದಿನವೂ ಕೆಲಸ ನಿಲ್ಲಿಸಲಿಲ್ಲ.

ಮನೆಗೆ ಬಂದು ಎಳನೀರಿಗೆ ಒಂದು ಏಟು ಹಾಕಿದೆ. ಎಳನೀರಿಗೆ ಏನೂ ಆಗಲಿಲ್ಲ. ಮಚ್ಚಿನ ಬಾಯಿ ಮಡಚಿಕೊಂಡಿತು.

ಕುಲುಮೆಗೆ ಒಯ್ದೆ. ಕಮ್ಮಾರ ಮಾತಾಡದೆ ಅರ ತೆಗೆದು ಅಲಗಿನ ಮೇಲೆ ಎಳೆದ. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ. ಇಲ್ಲಿ ಹಲಸಿನ ತೊಳೆಗೆ ಹಲ್ಲು ಹಾಕಿದ ಹಾಗೆ ಕಚ್ಚಿತು. ಸಾಣೆ ಚಕ್ರಕ್ಕೆ ಹಿಡಿದ. ಒಳ್ಳೇ ಉಕ್ಕಿನ ಕಿಡಿ ಸುರ್‌ಸುರ್ ಬತ್ತಿಯಂತೆ ಕವಲೊಡೆಯಬೇಕು. ಇದರದ್ದು ಉದ್ದ ಗೆರೆ ಎಳೆದು ಸುಮ್ಮನಾಯಿತು.

"ಕಿಟಕಿ ಸರಳಿನ ಜಾತಿ ಮೇಷ್ಟ್ರೇ. ಲಾರಿ ಪ್ಲೇಟಾಗಿದ್ರೆ ನೀರು ಕೊಟ್ಟು ನಿಲ್ಲಿಸಬಹುದಿತ್ತು. ಇದಕ್ಕೆ ತುಂಗಭದ್ರೆ ಪೂರ್ತಿ ಕೊಟ್ರೂ ಅಷ್ಟೇ."

ಲಾರಿ ಪ್ಲೇಟಿನಲ್ಲಿ ಇಂಗಾಲ ಶೇ 0.6ರ ಆಸುಪಾಸು, ಕಿಟಕಿ ಸರಳಿನಲ್ಲಿ 0.2ರ ಆಸುಪಾಸು. ನಡುವಿನ 0.4ನ್ನು ಅಜ್ಜ ತುಂಬಿಕೊಟ್ಟಿದ್ದರು. ಜೇಬಿನಲ್ಲೊಂದು ಅರ ಇಟ್ಟುಕೊಂಡು ಹೋಗಿದ್ದರೆ ಆ ಜಗುಲಿಯಲ್ಲೇ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಕಾಫಿ ಕೊಟ್ಟವರ ಅಜ್ಜನಿಗೆ ಅರ ಹಾಕುವುದು ಹೇಗೆ?

ಮಾರಿದಾತನಿಗೆ ಫೋನ್ ಮಾಡಿದೆ. ಆತನಿಗೇ ಆಶ್ಚರ್ಯ: "ಬಳಸೋಕೆ ತಗೊಂಡ್ರಾ? ಇಟ್ಕೊಳ್ಳೋಕೆ ಅಂದ್ಕೊಂಡಿದ್ದೆ."

ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ 2019ರ ಕಾಯ್ದೆಗೆ ವ್ಯಾಪಾರಿ ಬೇಕು. ಅಟ್ಟದಿಂದ ಒಂದು ಮಚ್ಚು ಇಳಿಸಿದವನು ವ್ಯಾಪಾರಿಯಲ್ಲ. 1930ರ ಸರಕು ಮಾರಾಟ ಕಾಯ್ದೆ, ಬಣ್ಣಿಸಿ ಮಾರಿದ ಸರಕು ಬಣ್ಣಿಸಿದಂತೆಯೇ ಇರಬೇಕು ಎನ್ನುತ್ತದೆ. ಸಂತೋಷ. ಎಂಟುನೂರಕ್ಕೆ ದಾವೆ ಹೂಡಿ, ವಕೀಲರಿಗೆ ಎಂಟು ಸಾವಿರ ಕೊಟ್ಟು, ಸಾಕ್ಷಿಗೆ ಸ್ವರ್ಗಸ್ಥ ಅಜ್ಜನಿಗೆ ಸಮನ್ಸ್ ಕಳಿಸಬೇಕು.

ಕೊನೆಗೆ ನಿರಾಶೆಯನ್ನು ನಮ್ಮ ಕಡೆಯ ಪದ್ಧತಿಯಂತೆಯೇ ನಿಭಾಯಿಸಿದೆ: ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗುವುದು ದುಡ್ಡಲ್ಲ, ಮೇಷ್ಟ್ರು ತಿಳಿದವರು ಎಂಬ ಹೆಸರು. ಮಚ್ಚು ಈಗ ನಡುಮನೆಯ ಗೋಡೆಯಲ್ಲಿದೆ. ಬಂದವರಿಗೆ "ಭದ್ರಾವತಿಯದು" ಎನ್ನುತ್ತೇನೆ, ಅವರೂ ತಲೆಯಾಡಿಸುತ್ತಾರೆ.

ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ ಮಂಗಳಾರತಿ ಎತ್ತಿದೆವು. ಬೂದುಗುಂಬಳ ಕಡಿಯಲು ಪಕ್ಕದ ಮನೆಯಿಂದ ಕತ್ತಿ ತಂದೆವು.