ರಿವರ್ಟ್ ರಾಯರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೇ ಹೋಗಿ, ಏಸಿ ಗಾಳಿ ನೇರ ಬೀಳದ ಒಂದು ಮೂಲೆಯಲ್ಲಿ ರಾಯರು ಕೂತಿರುತ್ತಾರೆ. ಹುದ್ದೆಯ ಹೆಸರು ಏನಾದರೂ ಇರಲಿ, ಅಸಲು ಕೆಲಸ ಒಂದೇ: ಬೇರೆಯವರು ಗಿಟ್‌ಗೆ ತುರುಕಿದ್ದನ್ನು ಹೊರಗೆ ತೆಗೆಯುವುದು. ಶುಕ್ರವಾರ ಸಂಜೆ ಹಾಸನದ ಬಸ್ಸು ಹಿಡಿಯುವ ಆತುರದಲ್ಲಿ ಯಾವನೋ ಹುಡುಗ ಅರೆಬೆಂದ ಕೋಡನ್ನು ಮೇನ್ ಬ್ರಾಂಚಿಗೆ ಪುಶ್ ಮಾಡಿ, ಪೇಮೆಂಟ್ ಪುಟ ಮಕಾಡೆ ಮಲಗಿತೆನ್ನಿ, ಇಡೀ ಫ್ಲೋರು ರಾಯರ ಕುರ್ಚಿಯ ಹಿಂದೆ ಜಮಾಯಿಸುತ್ತದೆ.

ರಾಯರಿಗೆ ಅವಸರವಿಲ್ಲ. ಲೋಟದ ತಳದ ಕಾಫಿ ಮುಗಿಸಿ, "ಯಾರೂ ಏನೂ ಮುಟ್ಬೇಡಿ" ಎನ್ನುತ್ತಾರೆ. ಆಮೇಲೆ, "ಪುಶ್ ಆಗಿದ್ಯಾ?" ಆಗಿಲ್ಲ ಎಂದರೆ ಅವರ ಮುಖ ಬಾಡುತ್ತದೆ. ಒಂದು ರೀಸೆಟ್‌ಗೆ ಮುಗಿಯುವ ಕೆಲಸಕ್ಕೆ ಇಷ್ಟು ಜನ ಯಾಕೆ ಸೇರಬೇಕಿತ್ತು? ಆಗಿದೆ, ಹತ್ತು ಜನ ಪುಲ್ ಮಾಡಿಕೊಂಡೂ ಆಗಿದೆ ಎಂದಾಗಲೇ ಅವರು ಶರ್ಟಿನ ತೋಳು ಮಡಿಸುವುದು.

ಅಷ್ಟರಲ್ಲಿ ಹೊಸದಾಗಿ ಸೇರಿದವನೊಬ್ಬ "ಸರ್, ಹಳೇದಕ್ಕೆ ರೀಸೆಟ್ ಮಾಡಿ ಫೋರ್ಸ್ ಪುಶ್ ಹೊಡೆದುಬಿಡೋಣ" ಎಂದು ಬಾಯಿಬಿಡುತ್ತಾನೆ. ತಪ್ಪು ಅವನದೇ. ಇನ್ನು ಕಾಲು ಗಂಟೆ ಪ್ರವಚನ. "ಶಾನುಭೋಗರು ಲೆಕ್ಕ ತಪ್ಪಿದ್ರೆ ಪುಸ್ತಕದ ಹಾಳೆ ಹರೀತಿದ್ರೇನಯ್ಯಾ? ಕೆಳಗೆ ಉಲ್ಟಾ ಜಮಾ ಬರೀತಿದ್ರು." ರಿವರ್ಟ್ ಮಾಡುವುದೂ ಅದನ್ನೇ. ಯಾವುದನ್ನೂ ಅಳಿಸದೆ, ಹಾಳಾದದ್ದಕ್ಕೆ ತದ್ವಿರುದ್ಧವಾದ ಹೊಸ ಕಮಿಟ್ ಹಾಕುತ್ತದೆ. ತಪ್ಪೂ ತಿದ್ದುಪಡಿಯೂ 40 ಅಕ್ಷರದ ತಮ್ಮ ತಮ್ಮ ನಂಬರು ಹೊತ್ತು ಅಕ್ಕಪಕ್ಕ ಶಾಶ್ವತವಾಗಿ ಕೂರುತ್ತವೆ. ಹೀಗೆ ತೆಗೆದದ್ದನ್ನು ಮ್ಯಾನೇಜರ್ ಸೋಮವಾರ ಮತ್ತೆ ಬೇಕು ಎಂದರೆ ರಿವರ್ಟಿಗೇ ಒಂದು ರಿವರ್ಟ್. 2023ರಲ್ಲಿ ಬಂದ ಗಿಟ್ 2.43 ಈ 'ರಿವರ್ಟ್ ರಿವರ್ಟ್' ತಲೆಬರಹವನ್ನು ತೆಗೆದು 'ರೀಅಪ್ಲೈ' ಎಂದು ಬರೆಯತೊಡಗಿದಾಗ ರಾಯರು ಎರಡು ದಿನ ಮುನಿಸಿಕೊಂಡಿದ್ದರಂತೆ. ಇತಿಹಾಸಕ್ಕೆ ಸುಣ್ಣ ಬಳಿಯುವುದನ್ನು ಅವರು ಸಹಿಸುವುದಿಲ್ಲ.

ಮರ್ಜ್ ಕಮಿಟನ್ನೇ ತೆಗೆಯಬೇಕಾಗಿ ಬಂದರಂತೂ ರಾಯರಿಗೆ ಹಬ್ಬ. ಹಾಗೆ ತೆಗೆದ ಬ್ರಾಂಚನ್ನು ರಿಪೇರಿ ಮಾಡಿ ಮತ್ತೆ ಮರ್ಜ್ ಮಾಡಿದರೆ ಹೊಸ ರಿಪೇರಿ ಮಾತ್ರ ಒಳಗೆ ಬರುತ್ತದೆ, ಹಳೆಯ ಕೋಡು ಬರುವುದಿಲ್ಲ. ಅದು ಬಂದಾಗಿದೆ ಎಂಬ ಲೆಕ್ಕದಲ್ಲೇ ಗಿಟ್ ಇರುತ್ತದೆ. "ಲೈನಸ್ ಟೋರ್ವಾಲ್ಡ್ಸ್ 2008ರಲ್ಲೇ ಈ ವಿಷಯಕ್ಕೆ ಉದ್ದನೆಯ ಪತ್ರ ಬರೆದಿದ್ದಾನೆ, ಓದಿದೀರಾ?" ಯಾರೂ ಓದಿಲ್ಲ. ಓದಿದ್ದರೆ ರಾಯರ ಗತಿಯೇನು?

ರೀಸೆಟ್ ಹಾರ್ಡ್ ಹೊಡೆದುಕೊಂಡು ವಾರದ ಕಮಿಟ್‌ಗಳನ್ನೆಲ್ಲ ಕಳೆದುಕೊಂಡು ಅಳುಮೋರೆ ಹಾಕಿ ಬಂದವರನ್ನು ಮಾತ್ರ ಬೈಯುವುದಿಲ್ಲ. ರೆಫ್‌ಲಾಗ್ ತೆಗೆದು ತೋರಿಸುತ್ತಾರೆ. ಕೈಬಿಟ್ಟ ಕಮಿಟ್ ಕೂಡ ಸಾಮಾನ್ಯವಾಗಿ 30 ದಿನ ಅಲ್ಲೇ ಬಿದ್ದಿರುತ್ತದೆ. ಕಮಿಟ್ಟೇ ಮಾಡಿರದಿದ್ದರೆ ಕನ್ನಡಕ ತೆಗೆದು ಒರೆಸುತ್ತಾರೆ. ಹುಡುಗರಿಗೆ ಅರ್ಥವಾಗುತ್ತದೆ.

"ಯಾರು ಮಾಡಿದ್ದು ಅನ್ನೋದು ಮುಖ್ಯ ಅಲ್ಲ" ಎಂಬುದು ಅವರು ದಿನವೂ ಹೇಳುವ ಮಾತು. ಹೇಳುವಾಗ ಪಕ್ಕದ ಸ್ಕ್ರೀನಿನಲ್ಲಿ ಗಿಟ್ ಬ್ಲೇಮ್ ತೆರೆದಿರುತ್ತದೆ, ಮೂರನೇ ಸಾಲಿನವರಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.

ಇತಿಹಾಸ ಅಳಿಸಲು ಅವರೊಪ್ಪುವುದು ಒಂದೇ ಸಂದರ್ಭದಲ್ಲಿ, ಡೇಟಾಬೇಸ್ ಪಾಸ್‌ವರ್ಡ್ ಕಮಿಟ್ ಆದಾಗ. ಅದನ್ನು ರಿವರ್ಟ್ ಮಾಡಿದರೂ ಹಳೆಯ ಕಮಿಟ್ ತೆರೆದವರಿಗೆಲ್ಲ ಕಾಣುತ್ತದೆ. ಫಿಲ್ಟರ್ ರೆಪೋ ಓಡಿಸಬೇಕು, ಆಮೇಲೆ ಎಲ್ಲರೂ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು. ಆದರೆ ಅದಕ್ಕೂ ಮುಂಚೆ, ನೋಡಿದವರು ನೋಡಿಯಾಗಿದೆ ಎಂದುಕೊಂಡು, ಪಾಸ್‌ವರ್ಡನ್ನೇ ಬದಲಾಯಿಸಬೇಕು. ಹೋದ ತಿಂಗಳು ಇದನ್ನೆಲ್ಲ ಬಿಡಿಸಿ ಹೇಳಿ ರಾಯರು ಊಟಕ್ಕೆ ಹೋದರು. ವಾಪಸು ಬಂದು ಮೇನ್ ಬ್ರಾಂಚ್ ನೋಡಿದರೆ ಹೊಸದೊಂದು ಕಮಿಟ್. ಒಳಗೆ ಹೊಸ ಪಾಸ್‌ವರ್ಡ್. ತಲೆಬರಹ: 'ರಾಯರು ಹೇಳಿದಂತೆ ಬದಲಾಯಿಸಲಾಗಿದೆ.'