ಲೋಟ ಮೀಮಾಂಸೆ

ವಿಷಯ: ಬಂದವರ ಅಂತಸ್ತು ತಿಳಿಯಲು ಕಾರು, ವಾಚು ನೋಡುವವರು ಈ ಶಾಸ್ತ್ರದಲ್ಲಿ ಇನ್ನೂ ಎಳೆಯರು. ಸಿರಿವಂತರು ಖರ್ಚು ಮಾಡುವುದೇ ನಾಲ್ಕು ಜನ ನೋಡಲೆಂದು ಅಮೆರಿಕದ ಥಾರ್‌ಸ್ಟೈನ್ ವೆಬ್ಲೆನ್ 1899ರಲ್ಲೇ ಗ್ರಂಥ ಬರೆದ. ಕೈಕೆಲಸದ ಬೆಳ್ಳಿ ಚಮಚವನ್ನೂ ಯಂತ್ರದ ಅಲ್ಯೂಮಿನಿಯಂ ಚಮಚವನ್ನೂ ಪಕ್ಕದಲ್ಲಿಟ್ಟು ತೂಗಿದ. ಪಾಪ, ಅವನಿಗೆ ನಮ್ಮ ಕಡೆ ಯಾರೂ ಕಾಫಿ ಕೊಟ್ಟಿರಲಿಲ್ಲ. ಲೋಟದವರೆಗೆ ಬರಲೇ ಇಲ್ಲ.

ವಿಭಾಗ: ಲೋಟ ಪಂಚವಿಧ. ಒಂದು, ಬೆಳ್ಳಿಯದು. ಬೀಗರು ಬಂದಾಗಷ್ಟೇ ಬೀರುವಿನಿಂದ ಇಳಿಯುತ್ತದೆ. ಶಾಖ ಹರಿಸುವುದರಲ್ಲಿ ಬೆಳ್ಳಿಯನ್ನು ಮೀರಿಸಿದ ಲೋಹವಿಲ್ಲ. ಬೀಗರ ಬೆರಳು ಸುಡುತ್ತದೆ, ಮರ್ಯಾದೆ ಬಾಯಿ ಕಟ್ಟುತ್ತದೆ. ಎರಡು, ಪಿಂಗಾಣಿ ಕಪ್ಪು-ಸಾಸರು. ಆಫೀಸಿನ ಸಾಹೇಬರಿಗೆ, ಅಮೆರಿಕದ ಅಳಿಯನಿಗೆ. ಮೂರು, ಸ್ಟೀಲಿನ ಲೋಟ-ಬಟ್ಟಲು. ಯಾರದೋ ಗೃಹಪ್ರವೇಶದ ತಾರೀಖನ್ನು ಚುಕ್ಕಿಚುಕ್ಕಿಯಾಗಿ ಕೊರೆಸಿಕೊಂಡ ಇದು ಮನೆಮಂದಿಗೆ, ಪಕ್ಕದ ಮನೆಯವರಿಗೆ. ನಾಲ್ಕು, ಕಾಗದದ ಕಪ್ಪು. ಗ್ಯಾಸಿನವರಿಗೆ, ಕೊರಿಯರಿನವರಿಗೆ. ಕುಡಿದು ಎಸೆದರೆ ಸಾಕ್ಷಿಯೂ ಉಳಿಯದು. ಐದು, ಹಿತ್ತಿಲ ಕಿಟಕಿಯ ಕಟ್ಟೆಯಲ್ಲಿ ಬೋರಲು ಬಿದ್ದಿರುವ, ಕಂಠ ನೆಗ್ಗಿದ ಸ್ಟೀಲ್ ಲೋಟ. ಮನೆಗೆಲಸದವರಿಗೆ.

ಸಂಶಯ: ಮೂರನೆಯದೂ ಸ್ಟೀಲು, ಐದನೆಯದೂ ಸ್ಟೀಲು. ಉಕ್ಕಿಗೆ ನೂರಕ್ಕೆ ಹತ್ತೂವರೆ ಪಾಲಿಗೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಬೆರೆತರೆ ಮೇಲೊಂದು ತೆಳುಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕಲೆಯೇ ಹತ್ತದ ಲೋಹಕ್ಕೆ ಮೈಲಿಗೆ ಹೇಗೆ ಹತ್ತಿತು?

ಪೂರ್ವಪಕ್ಷ: ಹತ್ತಲಾರದು. ಕಾಗದದ್ದೊಂದನ್ನು ಬಿಟ್ಟರೆ ಎಲ್ಲ ಲೋಟಗಳನ್ನೂ ತೊಳೆಯುವ ಕೈ ಒಂದೇ. ಬೆಳ್ಳಿಯದನ್ನು ವಿಭೂತಿ ಹಚ್ಚಿ ಬೆಳಗುವುದೂ ಅದೇ ಕೈ. ಮೇಲಾಗಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ. ಹೋಟೆಲು, ಛತ್ರಗಳ ಪಾತ್ರೆಯನ್ನು ಅಸ್ಪೃಶ್ಯತೆಯ ನೆಪದಲ್ಲಿ ಮುಟ್ಟಗೊಡದಿದ್ದರೆ ಶಿಕ್ಷೆಯೆಂದು 1955ರ ಕಾಯ್ದೆಯೂ ಹೇಳಿದೆ.

ಸಿದ್ಧಾಂತ: ತೊಳೆಯುವಾಗ ಅದು ಪಾತ್ರೆ, ಕುಡಿಯುವಾಗ ಪದವಿ. ಕಾಯ್ದೆಯ ಮಾತಿಗೆ ಗೃಹಿಣಿಯರೂ ಗೃಹಸ್ಥರೂ ಸೇರಿ ಬರೆದ ವಾರ್ತಿಕ ಹೀಗಿದೆ: ‘ಮನೆಯೇನು ಹೋಟೆಲೇ? ನಾವು ಅದೆಲ್ಲ ನೋಡುವವರಲ್ಲಪ್ಪ. ಹೈಜೀನು, ಅಷ್ಟೇ.’

ಪ್ರಯೋಗ: ಮನೆಯಲ್ಲಿ ಯಾರೂ ಇಲ್ಲದ ಒಂದು ಬೆಳಿಗ್ಗೆ, ಶಾಸ್ತ್ರ ಪರೀಕ್ಷೆಗೆಂದು ನಾನೇ ಕಾಫಿ ಬೆರೆಸಿ, ಮೂರನೆಯ ವರ್ಗದ ಲೋಟದಲ್ಲಿ ನಮ್ಮ ಕೆಲಸದ ಅಕ್ಕನಿಗೆ ಕೊಟ್ಟೆ. ಅವರು ಒಮ್ಮೆ ಲೋಟ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಹಿತ್ತಿಲಿಗೆ ಹೋಗಿ ಕಾಫಿಯನ್ನು ಕಿಟಕಿಯ ಲೋಟಕ್ಕೆ ಬಗ್ಗಿಸಿಕೊಂಡರು. ನಾನು ಕೊಟ್ಟದ್ದನ್ನು ಆಗಲೇ ತೊಳೆದು ಬೋರಲಿಟ್ಟು, ‘ನಂದು ಇದು ಸಾರ್, ಅದಲ್ಲ’ ಎಂದರು, ತಪ್ಪು ಪುಟ ತೆರೆದ ಹುಡುಗನಿಗೆ ಮೇಷ್ಟ್ರು ಹೇಳುವ ಹಾಗೆ.

ನಾನು ತಡೆಯಲಿಲ್ಲ. ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಕಾಫಿ ಮುಗಿಸಿ ನನ್ನ ಲೋಟವನ್ನು ಸಿಂಕಿನಲ್ಲಿಟ್ಟೆ. ಅದನ್ನೂ ಅವರೇ ತೊಳೆದರು.