ಹೊಸದಾಗಿ ‘ಹಳೇ ಹೋಟೆಲ್’ ತೆರೆಯುವ ಧಣಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಧಣಿಗಳೇ,

ಬೆಂಗಳೂರಿನ ಹೊಸ ಬಡಾವಣೆಯಲ್ಲಿ ನೀವೊಂದು ‘ಹಳೇ ಕಾಲದ ಉಡುಪಿ ಹೋಟೆಲ್’ ತೆರೆಯುತ್ತಿರುವ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಕಾವಿ ಬಳಿದ ಗೋಡೆ, ಕಾಂಕ್ರೀಟ್ ತಾರಸಿಯ ಕೆಳಗೆ ಅಂಟಿಸಿದ ಮಂಗಳೂರು ಹಂಚು, ಅಮೃತಶಿಲೆಯ ಮೇಜು, ಹಿತ್ತಾಳೆಯ ಲೋಟ, ಸಪ್ಲೈಯರ್‌ಗಳ ತಲೆಗೆ ಪೇಟ. ಪೇಟ ಕಟ್ಟಿದ ಸಪ್ಲೈಯರ್ ನಮ್ಮ ಕರಾವಳಿಯ ಹೋಟೆಲಿನಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಇರಲಿ, ಗಿರಾಕಿಗಳಲ್ಲಿ ಮೈಸೂರು ದಸರಾ ನೋಡಿದವರೇ ಹೆಚ್ಚಿರುತ್ತಾರೆ, ನಡೆಯುತ್ತದೆ.

ಬೋರ್ಡಿನಲ್ಲಿ ‘ಸಿನ್ಸ್’ ಎಂದು ಬರೆಸಿ ಮುಂದೆ ಜಾಗ ಖಾಲಿ ಬಿಟ್ಟಿದ್ದೀರಂತೆ. ಯಾವ ಇಸವಿ ಹಾಕುವುದೆಂದು ನಿಮ್ಮ ಡಿಸೈನರ್‌ಗೆ ಇನ್ನೂ ತೀರ್ಮಾನವಾಗಿಲ್ಲವಂತೆ. ಆ ವಿಷಯದಲ್ಲಿ ಸಣ್ಣದೊಂದು ಸಹಾಯ ಮಾಡೋಣವೆಂದು ಈ ಪತ್ರ. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ನಿಮ್ಮಂಥ ಧಣಿಗಳು ಈಗ ಬೀದಿಗೊಬ್ಬರಿದ್ದೀರಿ. ಎಲ್ಲರಿಗೂ ಬೇರೆ ಬೇರೆ ಅಂಚೆ ಚೀಟಿ ಹಚ್ಚುವ ಶಕ್ತಿ ನನಗಿಲ್ಲ.

ನನ್ನ ಕೋರಿಕೆ ಒಂದೇ. ಹಳತು ಅಂದಮೇಲೆ ಪೂರ್ತಿ ಹಳತಾಗಲಿ, ಅರ್ಧಂಬರ್ಧ ಬೇಡ.

ಮೊದಲು ಊರಿನ ವಿಚಾರ. ಬೋರ್ಡಿನ ಮೇಲೆ ‘ಉಡುಪಿ’ ಎಂದು ದಪ್ಪಕ್ಷರದಲ್ಲಿ ಇರುವುದು ಸರಿಯೇ. ಆದರೆ ಉಡುಪಿ ಹೋಟೆಲು ಎಂದು ಜಗತ್ತು ಕರೆಯುವುದರಲ್ಲಿ ಉಡುಪಿ ಪೇಟೆಯಿಂದ ಬಂದದ್ದು ಎಷ್ಟು ಎಂದು ಯಾರೂ ಕೇಳುವುದಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಶುರುಮಾಡಿದ ಮಯ್ಯ ಸಹೋದರರು ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿಯವರು. 1943ರಲ್ಲಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ತೆರೆದ ವೆಂಕಟರಮಣ ಉರಾಳರದ್ದೂ ಅದೇ ಸೀಮೆ. ಅಲ್ಲಿಯ ಕೋಟ ಬ್ರಾಹ್ಮಣರಿಗೆ ಉಡುಪಿಯ ಅಷ್ಟಮಠಗಳು ಗುರುಪೀಠವಲ್ಲ, ಸಾಲಿಗ್ರಾಮದ ನರಸಿಂಹ ದೇವರೇ ಗುರು. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು ಕಡಂದಲೆಯವರು. ಮುಂದೆ ಮುಂಬಯಿಯಲ್ಲಿ ಗಲ್ಲಿಗಲ್ಲಿಗೆ ಉಡುಪಿ ಹೋಟೆಲ್ ಇಟ್ಟವರಲ್ಲಿ ಬಂಟ ಸಮುದಾಯದ ಶೆಟ್ಟರದ್ದೇ ದೊಡ್ಡ ಪಾಲು. ಅವರ ಮನೆಯಲ್ಲಿ ಭಾನುವಾರ ಬೇಯುವುದು ಕೋಳಿ. ಇಷ್ಟೂ ಜನ ಒಂದೇ ಬೋರ್ಡಿನ ನೆರಳಿಗೆ ಬಂದದ್ದಕ್ಕೆ ಕಾರಣ ಭಕ್ತಿ ಅಲ್ಲ, ವ್ಯಾಪಾರ. ಕೃಷ್ಣ ಮಠದ ಅಡುಗೆಯ ಹೆಸರಿದ್ದರೆ ಯಾವ ಜಾತಿಯ ಗಿರಾಕಿಯೂ ಅಂಜದೆ ಒಳಗೆ ಬಂದಾನು ಎಂಬ ಲೆಕ್ಕ.

ಆ ಮಠದ ಅಡುಗೆಗೆ ನೀರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಅದೇ ಊರಿನ ಹೆಸರಿನಲ್ಲಿ ಲೋಕವಿಖ್ಯಾತವಾದ ಮಸಾಲೆ ದೋಸೆಯ ಹೊಟ್ಟೆಯಲ್ಲಿ ಇರುವುದು ನೀರುಳ್ಳಿ ಹಾಕಿದ ಬಟಾಟೆ ಪಲ್ಯ. ನೀರುಳ್ಳಿ ಕಣ್ಣಿಗೆ ಬೀಳದಿರಲೆಂದೇ ಪಲ್ಯವನ್ನು ದೋಸೆಯೊಳಗೆ ಮಡಚಿ ಮುಚ್ಚಿದರು ಎಂದು ಹೇಳುವವರಿದ್ದಾರೆ. ನಿಜವೋ ಸುಳ್ಳೋ, ನಮ್ಮ ಜಿಲ್ಲೆಯ ಸ್ವಭಾವ ಬಲ್ಲವರಾರೂ ಈ ಕಥೆಯನ್ನು ಅಲ್ಲಗಳೆಯಲಿಕ್ಕಿಲ್ಲ. ಉಡುಪಿಯ ರಥಬೀದಿ ಪರಿಸರದಲ್ಲಿ ಮಿತ್ರ ಸಮಾಜ ಎಂಬ ಹಳೆಯ ಹೋಟೆಲಿದೆ. ಒಮ್ಮೆ ಹೋಗಿ ಗೋಳಿಬಜೆ ತಿಂದು ಬನ್ನಿ. ಅಲ್ಲಿ ಯಾರೂ ಹಳತಾಗಲು ಪ್ರಯತ್ನಪಡುತ್ತಿಲ್ಲ. ತಿಂದಾಯಿತೇ, ಏಳಿ, ಹಿಂದಿನವರು ಕಾಯುತ್ತಿದ್ದಾರೆ ಎಂಬ ಭಾವದಲ್ಲಿ ಮೇಜು ಒರೆಸುತ್ತಾರೆ. ಈ ಒರೆಸುವಿಕೆಯೇ ನಮ್ಮ ಕಡೆಯ ಆತಿಥ್ಯ. ನಿಮ್ಮ ಹುಡುಗರಿಗೆ ನಮಸ್ಕಾರ ಮಾಡಿ ನಗಲು ತರಬೇತಿ ಕೊಡಿಸುತ್ತಿದ್ದೀರಂತೆ. ದಯವಿಟ್ಟು ನಿಲ್ಲಿಸಿ. ಹಳೇ ಸಪ್ಲೈಯರ್ ನಗುತ್ತಿರಲಿಲ್ಲ. ಏನಿದೆ ಎಂದು ಕೇಳಿದರೆ ಹದಿನಾರು ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಒದರಿ, ನೀವು ಎರಡನೆಯದರಲ್ಲೇ ಇರುವಾಗ ಪಕ್ಕದ ಮೇಜಿಗೆ ಹೋಗಿರುತ್ತಿದ್ದ.

ಇನ್ನು ನಿಮ್ಮ ನಕ್ಷೆ. ಫ್ಯಾಮಿಲಿ ರೂಮ್ ಇದೆ, ಎಸಿ ಹಾಲ್ ಇದೆ, ಸೆಲ್ಫಿ ತೆಗೆಯಲು ಜಗಲಿ ಇದೆ. ಬ್ರಾಹ್ಮಣರ ಕೋಣೆ ಎಲ್ಲಿ ಧಣಿಗಳೇ? ಅದಿಲ್ಲದೆ ಹಳೇ ಹೋಟೆಲು ಹೇಗಾಗುತ್ತದೆ? ಎಂಟಿಆರ್ ಹುಟ್ಟಿದ್ದೇ ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಆ ಕಾಲಕ್ಕೆ ಅದು ವಿಶೇಷವೇನೂ ಅಲ್ಲ, ಅಂಥ ಹೆಸರಿನ ಬೋರ್ಡುಗಳು ದಕ್ಷಿಣದ ಪೇಟೆಪೇಟೆಗಳಲ್ಲಿದ್ದವು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಪಶ್ಚಿಮ ಮೂಲೆ. ಆ ಪ್ರಾಂತ್ಯದ ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿ ಕೂಡ ಬ್ರಾಹ್ಮಣರಿಗೆ ಒಂದು ಕಡೆ, ಉಳಿದವರಿಗೆ ಇನ್ನೊಂದು ಕಡೆ. ಪೆರಿಯಾರ್ ಮತ್ತವರ ಜೊತೆಯವರು ಗಲಾಟೆ ಎಬ್ಬಿಸಿದ ಮೇಲೆ, 1941ರಲ್ಲಿ ಆ ವ್ಯವಸ್ಥೆ ಹೋಯಿತು. ದಲಿತರಿಗಂತೂ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ಅಂಗಡಿಯ ಹಿಂದೆ ನಿಂತು, ಬೇರೆಯಾಗಿ ಇಟ್ಟ ಲೋಟದಲ್ಲೋ ತೆಂಗಿನ ಗೆರಟೆಯಲ್ಲೋ ಹೊಯ್ಯಿಸಿಕೊಂಡು ಕುಡಿಯಬೇಕು. ನಿಮ್ಮ ಡಿಸೈನರ್ ಪರಿಸರಸ್ನೇಹಿ ಎಂದು ಪಾಯಸಕ್ಕೆ ನಯಮಾಡಿದ ಗೆರಟೆಯ ಬಟ್ಟಲುಗಳನ್ನು ತರಿಸುತ್ತಿದ್ದಾರಂತಲ್ಲ! ತಿಳಿದು ಮಾಡಿದರೋ ತಿಳಿಯದೆಯೋ, ಇಡೀ ಹೋಟೆಲಿನಲ್ಲಿ ಚರಿತ್ರೆಗೆ ನಿಷ್ಠವಾದ ವಸ್ತು ಅದೊಂದೇ.

ಹಾಗೆಂದು ಹೋಟೆಲನ್ನು ಬರೀ ಮಡಿಯ ಕೋಟೆ ಎಂದುಬಿಟ್ಟರೆ ಅನ್ಯಾಯವಾದೀತು. ಹಣ ಕೊಟ್ಟು ಅನ್ನ ತಿನ್ನುವುದೇ ಪಾಪವಾಗಿದ್ದ ಕಾಲ. ಯಾರು ಬೇಯಿಸಿದ್ದು, ಪಕ್ಕದಲ್ಲಿ ಕೂತವನು ಯಾರು ಎಂದು ಕೇಳದೆ ಬಾಯಿಗಿಡುವುದನ್ನು ಮನೆಯ ಹಿರಿಯರು ಜಾತಿ ಕೆಡುವುದು ಎಂದೇ ತಿಳಿದಿದ್ದರು. ಕೋರ್ಟಿಗೆ ಹೋದ ಅಪ್ಪ, ಹೈಸ್ಕೂಲಿಗೆ ಹೋದ ಮಗ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದ ಕಥೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮಡಿ ಮಾರುತ್ತಲೇ ಮಡಿಯನ್ನು ಸಡಿಲಿಸಿದ ಜಾಗ ಅದು. ಮಾರಿದವರಿಗೆ ಆ ಉದ್ದೇಶವಿತ್ತೆಂದು ನಾನು ನಂಬುವುದಿಲ್ಲ, ಗಲ್ಲಾ ಪೆಟ್ಟಿಗೆ ತುಂಬುವ ಉದ್ದೇಶವಿತ್ತು. ಅದೇ ಹೆಚ್ಚು ಕೆಲಸ ಮಾಡಿತು. ಉಳಿದದ್ದಕ್ಕೆ ಕಾನೂನೇ ಬರಬೇಕಾಯಿತು. ಸಂವಿಧಾನದ 15ನೆಯ ವಿಧಿಯನ್ನು ತೆಗೆದು ನೋಡಿ: ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಇವುಗಳಿಗೆ ಯಾರೂ ಪ್ರವೇಶ ತಡೆಯಬಾರದೆಂದು ಹೆಸರು ಹಿಡಿದೇ ಬರೆದಿದ್ದಾರೆ. ದೇಶದ ಸಂವಿಧಾನದಲ್ಲಿ ಹೆಸರು ಬಂದಿರುವ ಉದ್ಯಮ ನಿಮ್ಮದು! ಅದನ್ನು ಚೌಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದವರನ್ನು ನಾನು ಕಂಡಿಲ್ಲ. ‘ಸಿನ್ಸ್ 1950’ ಎಂದು ಹಾಕಿ, ತಿಂಗಳು ತಾರೀಕು ಸಹಿತ. ನಿಮ್ಮ ಈಗಿನ ಗಿರಾಕಿಗಳಲ್ಲಿ ಬಹುಪಾಲು ಜನಕ್ಕೆ ಬಾಗಿಲು ನಿಜವಾಗಿ ತೆರೆದ ಇಸವಿ ಅದೇ.

ದರದ ಪಟ್ಟಿಗೆ ಬರೋಣ. ಒಂದು ಖಾಲಿ ದೋಸೆಗೆ ನೀವು ಹಾಕಿರುವ ಬೆಲೆಯನ್ನು ಮೂರು ಸಲ ಓದಿದೆ. ಹಳೇ ಹೋಟೆಲಿನವರಿಗೆ ದರ ಹಾಕುವ ಸ್ವಾತಂತ್ರ್ಯ ಇಷ್ಟು ಸಲೀಸಾಗಿ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಯ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿಯ ಹೋಟೆಲು ಏನು ಮಾಡಬೇಕು? ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಈಗ ನೀವು ‘ಪಾರಂಪರಿಕ’ ಎಂಬ ಶೀರ್ಷಿಕೆಯಡಿ ಇಟ್ಟಿರುವ ರವೆ ಇಡ್ಲಿ ಆ ರೇಷನ್ನಿನ ಕೂಸು. 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದಾಗ ಸೋಮವಾರ ಸಂಜೆ ಹೋಟೆಲುಗಳು ಬಾಗಿಲೆಳೆದವು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವೇ ತಿಂಡಿಯ ಬೆಲೆ ಕಟ್ಟಿತು. ಎಂಟಿಆರ್‌ನವರು ಗುಣ ಇಳಿಸಲು ಒಪ್ಪದೆ, ಆ ಬೆಲೆಗೇ ಬಡಿಸಿ, ದಿನದ ನಷ್ಟ ಇಷ್ಟು ಎಂದು ಬೋರ್ಡು ಬರೆದು ಹೊರಗಿಡುತ್ತಿದ್ದರಂತೆ. ಕೊನೆಗೆ ಹೋಟೆಲನ್ನೇ ಮುಚ್ಚಿ, ತಿಂಡಿಯ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರಿದರು. ಹೋಟೆಲ್ ಮತ್ತೆ ತೆರೆದದ್ದು 1984ರಲ್ಲಿ. ದೇಶದ ತುಂಬ ಅಡುಗೆಮನೆಗಳಲ್ಲಿ ಇರುವ ಗುಲಾಬ್ ಜಾಮೂನ್ ಪುಡಿಯ ವ್ಯಾಪಾರ ಹೀಗೆ ಬೆಲೆ ನಿಯಂತ್ರಣದ ದೆಸೆಯಿಂದ ಬೆಳೆಯಿತು. ಸಾಧ್ಯವಾದರೆ ನೀವೂ ದಿನದ ಲಾಭವನ್ನು ಬೋರ್ಡಿನ ಮೇಲೆ ಬರೆಯಿರಿ. ಸಂಪ್ರದಾಯ ಮುಂದುವರಿದಂತಾಗುತ್ತದೆ.

ಒಂದು ಮಾತು ಮರೆತೆ. ಮದ್ದೂರು ವಡೆಯನ್ನೂ ‘ಉಡುಪಿ ಪಾರಂಪರಿಕ’ದ ಪಟ್ಟಿಗೆ ಸೇರಿಸಿದ್ದೀರಿ, ಮಂಡ್ಯದವರು ಜಗಳ ತೆಗೆದರೆ ಹೆದರಬೇಡಿ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ಅದನ್ನು ಮಾಡಿದವರೆಂದು ಹೇಳುವ ರಾಮಚಂದ್ರ ಬುಧ್ಯರು ಕರಾವಳಿಯಿಂದ ಹೋದವರೇ. ರೈಲು ಬೇಗ ಬಂತು, ಪಕೋಡ ಕರಿಯಲು ಪುರಸೊತ್ತಿಲ್ಲ, ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಎಂಬುದು ಕಥೆ. ರೈಲು ಬೇಗ ಬಂತು ಎನ್ನುವ ಭಾಗ ಮಾತ್ರ ನನಗೆ ನಂಬಲು ಸ್ವಲ್ಪ ಕಷ್ಟ.

ಕೊನೆಯದಾಗಿ ಮಾಣಿಗಳು. ನಿಮ್ಮ ಹೋಟೆಲಿನಲ್ಲಿ ಎಲ್ಲ ಇದೆ, ಮಾಣಿ ಇಲ್ಲ. ಹಳೇ ಹೋಟೆಲು ನಿಂತದ್ದು ಮಯ್ಯರ ಮೇಲೂ ಅಲ್ಲ, ರಾಯರ ಮೇಲೂ ಅಲ್ಲ. ಹತ್ತು ಹನ್ನೆರಡು ವರ್ಷದ ಹುಡುಗರ ಮೇಲೆ. ಊರಿನಲ್ಲಿ ಗೇಣಿಯ ಗದ್ದೆ, ಮನೆ ತುಂಬ ಮಕ್ಕಳು, ಮಳೆಗಾಲದ ಹಸಿವು. ಸಂಬಂಧಿಕರೊಬ್ಬರು ರಜೆಗೆ ಬಂದವರು ಹಿಂದಿರುಗುವಾಗ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಮುಂಬಯಿಗಾದರೆ ಹಡಗಿನಲ್ಲಿ, ಕೊಂಕಣ ರೈಲು ಪೂರ್ತಿ ಓಡಲು 1998ರವರೆಗೆ ಕಾಯಬೇಕಿತ್ತು. ಮೊದಲು ಕ್ಲೀನರ್, ಅಂದರೆ ಎಂಜಲು ತಟ್ಟೆ. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರ್. ಕೈ ಗಟ್ಟಿಯಿದ್ದವನಿಗೆ ರುಬ್ಬುವ ಕಲ್ಲು. ರಾತ್ರಿ ಬಾಗಿಲು ಹಾಕಿದ ಮೇಲೆ ಹಗಲು ದೋಸೆ ಬಡಿಸಿದ ಅದೇ ಮೇಜುಗಳನ್ನು ಜೋಡಿಸಿ ಮಲಗುವುದು. ಸಂಬಳ ಊರಿಗೆ ನೇರ ಹೋಗುತ್ತಿತ್ತು, ಹೋಗದೆಯೂ ಇರುತ್ತಿತ್ತು.

ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳು ತುಂಬಿದ್ದು ಇಂಥ ಹುಡುಗರಿಂದ. ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರರು 1908ರಷ್ಟು ಹಿಂದೆಯೇ ಅಲ್ಲೊಂದು ರಾತ್ರಿಶಾಲೆ ತೆರೆದರು. ಹಗಲೆಲ್ಲ ಲೋಟ ತೊಳೆದು, ರಾತ್ರಿ ತೂಕಡಿಸುತ್ತ ಕಾಗುಣಿತ ಬರೆದು, ಮುಂದೆ ವಕೀಲರಾದವರಿದ್ದಾರೆ, ಹೋಟೆಲ್ ಮಾಲೀಕರಾದವರಿದ್ದಾರೆ. ಕ್ಲೀನರ್ ಆಗಿದ್ದವರು ಧಣಿಯಾದ ಕಥೆಯನ್ನು ಪ್ರತಿ ಸನ್ಮಾನ ಸಮಾರಂಭದಲ್ಲೂ ಹೇಳುತ್ತಾರೆ. ಕ್ಲೀನರ್ ಆಗಿಯೇ ಉಳಿದವರಿಗೆ ಸನ್ಮಾನ ಸಮಾರಂಭವಿಲ್ಲವಾದ್ದರಿಂದ ಅವರ ಕಥೆ ಯಾರಿಗೂ ಗೊತ್ತಾಗುವುದಿಲ್ಲ. 1960ರ ದಶಕದ ಕೊನೆಗೆ ಶಿವಸೇನೆಯವರು ಲುಂಗಿಯವರನ್ನು ಓಡಿಸಿ ಎಂದು ಉಡುಪಿ ಹೋಟೆಲುಗಳಿಗೆ ಕಲ್ಲು ಹೊಡೆದಾಗ ಧಣಿ ಹಿಂದಿನ ಬಾಗಿಲಿನಿಂದ ಹೋದರೂ ಮುಂದಿನ ಷಟರ್ ಎಳೆಯಲು ಒಬ್ಬ ಹುಡುಗ ಬೇಕೇಬೇಕಿತ್ತಲ್ಲ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದವರನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಆದ್ದರಿಂದ ಈ ಒಂದು ಅಂಶದಲ್ಲಿ ನೀವು ಹಳತಾಗಲಾರದಿರುವುದನ್ನು ಒಪ್ಪುತ್ತೇನೆ. ಅಂದಹಾಗೆ, ನಿಮ್ಮ ಅಡುಗೆಮನೆಯಲ್ಲಿ ಈಗ ಇರುವವರು ಒಡಿಶಾ, ಅಸ್ಸಾಮಿನ ಹುಡುಗರೆಂದು ಕೇಳಿದೆ. ಮನೆಯ ಗದ್ದೆ, ಮನೆ ತುಂಬ ಮಕ್ಕಳು, ಜೊತೆಗೆ ಕರೆತಂದ ಸಂಬಂಧಿಕ. ಊರು ಬದಲಾಯಿತು, ಉಳಿದದ್ದೆಲ್ಲ ಪಕ್ಕಾ ಹಳೇ ಕಾಲದ್ದೇ. ಅವರು ಮಲಗುವುದು ಎಲ್ಲಿ ಎಂದು ನಾನು ಕೇಳುವುದಿಲ್ಲ. ಅಮೃತಶಿಲೆಯ ಮೇಜು ಚಳಿಗಾಲದಲ್ಲಿ ತಣ್ಣಗಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಗೋಡೆಯ ಮೇಲೆ ಹಾಕಲು ಹಳೇ ಫೋಟೋ ಹುಡುಕುತ್ತಿದ್ದೀರಂತೆ. ಧಣಿಗಳು ಕೋಟು ತೊಟ್ಟು ಕುರ್ಚಿಯಲ್ಲಿ ಕೂತ ಚಿತ್ರಗಳು ಸಿಗುತ್ತವೆ. ಅಂಥ ಚಿತ್ರಗಳ ಹಿಂದಿನ ಸಾಲಿನಲ್ಲಿ ಮುಂಡು ಉಟ್ಟು, ಭುಜಕ್ಕೆ ಒದ್ದೆ ಬೈರಾಸು ಹಾಕಿಕೊಂಡು ನಿಂತಿರುವವರು ಕಾಣುತ್ತಾರಲ್ಲ, ಫ್ರೇಮ್ ಹಾಕಿಸುವಾಗ ಅವರನ್ನು ಕತ್ತರಿಸಬೇಡಿ. ಹೆಸರು ಸಿಕ್ಕಿದರೆ ಕೆಳಗೆ ಬರೆಸಿ. ನಿಮ್ಮ ಅಡುಗೆಮನೆಯವರದ್ದೂ ಒಂದು ಫೋಟೋ ಈಗಲೇ ತೆಗೆಸಿಡಿ, ಇನ್ನು ಐವತ್ತು ವರ್ಷಕ್ಕೆ ಯಾರಾದರೂ ‘ಹಳೇ ಹೋಟೆಲ್’ ತೆರೆಯುವಾಗ ಕೇಳಿಕೊಂಡು ಬಂದಾರು.

ಉದ್ಘಾಟನೆಗೆ ಖಂಡಿತ ಬರುತ್ತೇನೆ. ಆ ದಿನ ತಿಂಡಿ ಉಚಿತವೆಂದು ಆಮಂತ್ರಣದಲ್ಲಿ ಇದೆ.

ಇಂತಿ,
ನಿಮ್ಮ ಭಾವೀ ಗಿರಾಕಿ

ವಿ.ಸೂ.: ಬೈಟು ಕಾಫಿ ಕೊಡುವುದಿಲ್ಲ ಎಂದು ಮೆನು ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಕಂಡೆ. ಇಲ್ಲಿಯವರೆಗೆ ಬರೆದದ್ದೆಲ್ಲ ತಮಾಷೆ ಎಂದುಕೊಂಡರೂ ಸರಿ, ಇದನ್ನು ಮಾತ್ರ ಕೂಡಲೇ ತಿದ್ದಿಸಿ.